ಅವ್ವನ ತಂಬಿಗೆ, ಹಿತ್ತಲಿನ ರೋಸ್ಮರಿ

ಗಿಡ ಮನೆಗೆ ಬಂದ ದಿನ ಒಳ್ಳೆಯ ಬಿಸಿಲಿತ್ತು ಎಂದು ಬರೆಯಲು ಹೊರಟವಳು ಅಲ್ಲಿಯೇ ತಡೆದೆ. ಬಿಸಿಲಿತ್ತೆಂದು ನನಗೆ ಹೇಗೆ ಗೊತ್ತು? ಸಂಕ್ರಾಂತಿ ಕಳೆದ ಮೇಲೆ ಶಿಗ್ಗಾಂವಿಯಲ್ಲಿ ಬಿಸಿಲಿಲ್ಲದ ದಿನವೇ ಕಡಿಮೆ. ನೆನಪು ತನ್ನಷ್ಟಕ್ಕೆ ತಾನೇ ಒಂದು ಬಿಸಿಲನ್ನು ಹಿಂದೆ ಇಳಿಬಿಟ್ಟುಕೊಂಡಿರಬಹುದು, ಫೋಟೋ ಸ್ಟುಡಿಯೋದವರು ಪರದೆ ಇಳಿಬಿಡುವ ಹಾಗೆ. ನಾನು ಕಾಲೇಜಿನಲ್ಲಿ ಇತಿಹಾಸ ಪಾಠ ಮಾಡುವವಳು. ಯಾವ ದಾಖಲೆ ಕೈಗೆ ಬಂದರೂ ಅದನ್ನು ಯಾರು ಬರೆದರು, ಎಷ್ಟು ಕಾಲದ ಮೇಲೆ ಬರೆದರು ಎಂದು ಮೊದಲು ಕೇಳಿ ಎಂದು ಮಕ್ಕಳಿಗೆ ಹೇಳಿ ಹೇಳಿ, ಈಗ ನನ್ನ ತಲೆಯೊಳಗಿನದನ್ನೂ ಹಾಗೆಯೇ ಕೇಳುವ ಚಟವಾಗಿದೆ. ದಿನಚರಿ ಬರೆಯುತ್ತೇನೆ, ನಿಜ. ಆದರೆ ಆ ದಿನದ ಪುಟದಲ್ಲಿ ಇರುವುದು ಇಷ್ಟೇ: ಹಾನಗಲ್ಲಿನಿಂದ ಅಕ್ಕನ ಮಗಳು ಬಂದಳು, ಗ್ಯಾಸ್ ಸಿಲಿಂಡರ್ ಬಂತು. ಗಿಡದ ಸುದ್ದಿಯೇ ಇಲ್ಲ. ಬರೆಯುತ್ತಿದ್ದವಳಿಗೆ ಸಿಲಿಂಡರ್ ದೊಡ್ಡದಾಗಿ ಕಂಡಿರಬೇಕು.

ಅವ್ವ ಆಗಷ್ಟೇ ನನ್ನ ಮನೆಗೆ ಬಂದಿದ್ದಳು. ಸವಣೂರಿನಲ್ಲಿ ಅಣ್ಣನ ಮನೆಯ ಬಚ್ಚಲಲ್ಲಿ ಕಾಲು ಜಾರಿ ಬಿದ್ದು, ಸೊಂಟದ ಕೀಲು ಮುರಿದು, ಆಪರೇಶನ್ ಆಗಿತ್ತು. ಅಣ್ಣನದು ಮೆಟ್ಟಿಲುಗಳ ಮನೆ. ಪಡಸಾಲೆಯಿಂದ ಅಡುಗೆಮನೆಗೆ ಹೋಗಲೂ ಒಂದು ಮೆಟ್ಟಿಲು ಹತ್ತಬೇಕು. ನನ್ನದು ನೆಲಮಟ್ಟದ ಮನೆ, ಹಿಂದೆ ಒಂದು ಉದ್ದನೆಯ ಹಿತ್ತಲು. ಹಾಗಾಗಿ ಕಾಲು ಸರಿಹೋಗುವತನಕ ಇಲ್ಲಿರಲಿ ಎಂದು ನಾವು ಮೂವರು ಮಕ್ಕಳು ಮಾತಾಡಿಕೊಂಡೆವು. ವ್ಯಾಯಾಮ ಕಲಿಸಲು ಬರುತ್ತಿದ್ದವರು ಮೊದಲ ದಿನವೇ ನನ್ನನ್ನು ಬಾಗಿಲ ಹೊರಗೆ ಕರೆದು ಹೇಳಿದ್ದರು: ದಿನಾ ನಡೆಯಲೇಬೇಕು, ಕೂತುಬಿಟ್ಟರೆ ಕೀಲು ಬಿಗಿದುಕೊಳ್ಳುತ್ತದೆ, ಆಮೇಲೆ ಯಾರಿಂದಲೂ ಎಬ್ಬಿಸಲು ಆಗುವುದಿಲ್ಲ.

ಅವ್ವನಿಗೆ ನಡೆಯಲು ಅಲ್ಯೂಮಿನಿಯಂನ ನಾಲ್ಕು ಕಾಲಿನ ಒಂದು ಚೌಕಟ್ಟು ಕೊಟ್ಟಿದ್ದರು. ಅವಳು ಅದನ್ನು ಕುದುರೆ ಎನ್ನುತ್ತಿದ್ದಳು. ಕುದುರೆಯ ಮೇಲೆ ಅವಳಿಗೆ ಸಿಟ್ಟಿರಲಿಲ್ಲ. ಗುರಿಯಿಲ್ಲದೆ ನಡೆಯುವುದರ ಮೇಲೆ ಸಿಟ್ಟಿತ್ತು. ಪಡಸಾಲೆಯ ಈ ಗೋಡೆಯಿಂದ ಆ ಗೋಡೆಗೆ ಹೋಗಿ ಬಾ ಎಂದರೆ, "ಆ ಗ್ವಾಡಿ ಹಂತ್ಯಾಕ ನಂದೇನು ಕೆಲಸ ಐತಿ? ಸುಮ್ಮನ ಅಡ್ಡಾಡಾಕ ನಾನೇನು ಪೊಲೀಸಾ?" ಎನ್ನುತ್ತಿದ್ದಳು. ಬದುಕಿನಲ್ಲಿ ಕೆಲಸವಿಲ್ಲದೆ ಒಂದು ಹೆಜ್ಜೆ ಇಟ್ಟವಳಲ್ಲ. ಕೆಲಸವಿಲ್ಲದ ನಡಿಗೆ ಅವಳ ಕಣ್ಣಿಗೆ ಒಂದು ಬಗೆಯ ಸುಳ್ಳು.

ಹೀಗಿರುವಾಗ ಅಕ್ಕನ ಮಗಳು ಕರಿ ಪ್ಲಾಸ್ಟಿಕ್ ಚೀಲದಲ್ಲಿ ಒಂದು ಸಣ್ಣ ಗಿಡ ತಂದಳು. ಹುಡುಗಿ ಧಾರವಾಡದಲ್ಲಿ ಓದುತ್ತಾಳೆ, ರಜೆಗೆ ಹಾನಗಲ್ಲಿಗೆ ಹೋಗುವಾಗ ಬರುವಾಗ ನಮ್ಮಲ್ಲಿ ಇಳಿಯುತ್ತಾಳೆ. ಮೊಬೈಲಿನಲ್ಲಿ ಯಾರೋ ರೋಸ್ಮರಿ ಎಲೆ ಕುದಿಸಿದ ನೀರನ್ನು ತಲೆಗೆ ಸಿಂಪಡಿಸಿಕೊಂಡು ಕೂದಲು ಬೆಳೆಸಿದ್ದನ್ನು ನೋಡಿ ಅದಕ್ಕಾಗಿಯೇ ಕೊಂಡು ತಂದಿದ್ದಳು. ಹಾಸ್ಟೆಲಿನಲ್ಲಿ ಇಡಲು ಜಾಗವಿಲ್ಲ, ಇಲ್ಲಿರಲಿ, ಬಂದಾಗ ಕಿತ್ತುಕೊಳ್ಳುತ್ತೇನೆ ಎಂದಳು. ಅವ್ವ ಚೀಲವನ್ನು ತೊಡೆಯ ಮೇಲೆ ಇರಿಸಿಕೊಂಡು ಸೂಜಿಯಂಥ ಎಲೆಗಳನ್ನು ನೋಡಿ, ಇದೇನು ಸರ್ವೆ ಗಿಡದ ಮರಿಯೇನು ಎಂದು ಕೇಳಿದಳು. ಒಂದು ಎಲೆ ತಿಕ್ಕಿ ಮೂಸಿದಳು.

"ಮೂಗು ಕಟ್ಟಿದಾಗ ಎದಿಗೆ ಹಚ್ಚತಾರಲ್ಲ, ಆ ಎಣ್ಣಿ ವಾಸನಿ. ಇದನ್ನ ತಲಿಗೆ ಹಾಕ್ಕೊಂಡು ತಿರುಗಾಡಿದ್ರ ಮಂದಿ ನೆಗಡಿ ಆಗೇತೇನು ಅಂತಾರ."

"ಅಜ್ಜೀ, ಕೂದ್ಲ ಬರತಾವು. ನಿಂಗೂ ಹಚ್ಚತೇನಿ," ಎಂದಳು ಹುಡುಗಿ.

"ನಂಗ ಕೂದ್ಲ ಬ್ಯಾಡ. ಕಾಲಿಗೆ ಹಚ್ಚೂದು ಏನರ ಇದ್ರ ತಾ."

ನರ್ಸರಿಯವರು ನೀರು ಕಡಿಮೆ ಹಾಕಿ ಎಂದಿದ್ದಾರೆ ಎಂದು ಹುಡುಗಿ ಹೊರಡುವಾಗ ಹೇಳಿದ್ದು ನನಗೆ ಕೇಳಿಸಿತ್ತು. ಅವ್ವನಿಗೂ ಕೇಳಿಸಿತ್ತು. ಅವಳು ಅದನ್ನು ಒಪ್ಪಲಿಲ್ಲ. ಆ ಎಲೆಗಳನ್ನು ನೋಡಿದರೆ ಯಾರಿಗಾದರೂ ಗೊತ್ತಾಗುತ್ತದೆ, ಗಿಡಕ್ಕೆ ಬಾಯಾರಿದೆ ಎಂದಳು.

ಅವ್ವ ಯಾಕೆ ಹಾಗೆ ನೋಡಿದಳು ಎನ್ನುವುದಕ್ಕೆ ನಮ್ಮ ಮನೆಯ ಕೆಲಸವನ್ನು ಹೇಳಬೇಕು. ಸವಣೂರಿನಲ್ಲಿ ನಮ್ಮದು ಎಲೆಬಳ್ಳಿ ತೋಟ. ಈಗಲೂ ಅಣ್ಣ ನಡೆಸುತ್ತಾನೆ. ತೋಟದಿಂದ ವೀಳ್ಯದೆಲೆ ಬುಟ್ಟಿಗಳಲ್ಲಿ ಮನೆಗೆ ಬರುತ್ತಿತ್ತು. ಅಲ್ಲಿಂದ ಮುಂದಿನದೆಲ್ಲ ಹೆಂಗಸರ ಕೆಲಸ. ಎಲೆಗಳನ್ನು ಆರಿಸುವುದು, ತೊಟ್ಟಿಗೆ ತೊಟ್ಟು ಕೂಡಿಸಿ ಜೋಡಿಸುವುದು, ಕಟ್ಟು ಕಟ್ಟುವುದು, ಬಾಳೆಎಲೆಯಲ್ಲಿ ಸುತ್ತಿ ಬುಟ್ಟಿಗೆ ತುಂಬಿ ಮೇಲೆ ಒದ್ದೆ ಗೋಣಿತಟ್ಟು ಮುಚ್ಚುವುದು. ಅವ್ವನ ಮಗ್ಗುಲಲ್ಲಿ ಯಾವಾಗಲೂ ಒಂದು ತಂಬಿಗೆ ನೀರು ಇರುತ್ತಿತ್ತು. ಮಾತಾಡುತ್ತಾ, ಬೈಯುತ್ತಾ, ಮಗುವಿಗೆ ಹಾಲು ಕುಡಿಸುತ್ತಾ ಕೂಡ ಅವಳ ಬೆರಳುಗಳು ಆ ತಂಬಿಗೆಯಲ್ಲಿ ಅದ್ದಿ ಎಲೆಗಳ ಮೇಲೆ ನೀರು ಚಿಮುಕಿಸುತ್ತಿದ್ದವು. ಎಲೆ ಬಾಡಿದರೆ ಸಂತೆಯಲ್ಲಿ ಯಾರೂ ಮುಟ್ಟುವುದಿಲ್ಲ. ಒಣಗುವುದು ಎಂದರೆ ಅವಳಿಗೆ ಸಾಯುವುದು. ಆರೈಕೆ ಎಂದರೆ ನೆರಳು ಮತ್ತು ನೀರು. ಅಂಥವಳ ಕೈಗೆ, ಹಸಿಯಾಗಿದ್ದಾಗಲೂ ಒಣಗಿದಂತೆ ಕಾಣುವ ಎಲೆಯ ಗಿಡ ಬಂದಿತ್ತು.

ಅವ್ವ ಗಿಡವನ್ನು ಹಿತ್ತಲಿನ ತಗಡಿನ ಮಾಡಿನ ಕೆಳಗೆ, ನೀರಿನ ಟಾಕಿಯ ತಂಪಿಗೆ ಇಡಿಸಿದಳು. ಪ್ಲಾಸ್ಟಿಕ್ ಚೀಲ ತೆಗೆಸಿ, ಅಣ್ಣನಿಗೆ ಹೇಳಿ ತೋಟದ ಕರಿಮಣ್ಣು ತರಿಸಿ, ದೊಡ್ಡ ಡಬ್ಬಿಯಲ್ಲಿ ನಡಿಸಿದಳು. ಮುಂಜಾನೆ ಎದ್ದು ಚಹಾ ಕುಡಿದ ಮೇಲೆ ಕುದುರೆಗೆ ಒಂದು ಬಟ್ಟೆಚೀಲ ಕಟ್ಟಿ, ಅದರಲ್ಲಿ ತಂಬಿಗೆ ಇಟ್ಟುಕೊಂಡು, ಟಕ್ ಎಂದು ಕುದುರೆ ಮುಂದಿಟ್ಟು, ಕಾಲು ಎಳೆದು, ಮತ್ತೆ ಟಕ್ ಎಂದು ಹಿತ್ತಲಿಗೆ ಹೊರಡುತ್ತಿದ್ದಳು. ಅರ್ಧ ತಂಬಿಗೆ ಬೇರಿಗೆ, ಉಳಿದದ್ದು ಬೆರಳಲ್ಲಿ ಎಲೆಗಳ ಮೇಲೆ. ಮಧ್ಯಾಹ್ನ ಬಿಸಿಲೇರಿದಾಗ ಹೋಗಿ ಒದ್ದೆ ಗೋಣಿತಟ್ಟನ್ನು ಡಬ್ಬಿಯ ಸುತ್ತ ಹೊದಿಸಿ ಬರುವಳು. ಸಂಜೆ ಅದನ್ನು ತೆಗೆಯಲು ಮತ್ತೊಮ್ಮೆ. ಬಿಡಿ, ಇಷ್ಟು ನಡೆದರೆ ಸಾಕಲ್ಲವೆ? ವ್ಯಾಯಾಮದವರು ಬಂದು ಕಾಲು ಮಡಿಸಿ ಬಿಡಿಸಿ ನೋಡಿ, ಏನು ಮಾಡಿದಿರಿ ಎಂದು ನನ್ನನ್ನು ಕೇಳಿದರು. ನಾನು ಗಿಡದ ಕಡೆ ಬೆರಳು ತೋರಿಸಿದೆ.

ಗಿಡದ ಬಗ್ಗೆ ನಾನೂ ಅಷ್ಟಿಷ್ಟು ಓದಿಕೊಂಡಿದ್ದೆ. ಸಮುದ್ರದಂಚಿನ ಕಲ್ಲುಬಂಡೆಗಳ ಸಂದಿನಲ್ಲಿ ಬೆಳೆಯುವ ಗಿಡವಂತೆ; ಇದಕ್ಕೆ ಬಿಸಿಲು ಬೇಕು, ನೀರು ನಿಲ್ಲದ ಒರಟು ಮಣ್ಣು ಬೇಕು, ಮೇಲಿನ ಮಣ್ಣು ಪೂರ್ತಿ ಒಣಗಿದ ಮೇಲೆ ಮಾತ್ರ ನೀರು. ಅವ್ವ ಕೊಟ್ಟದ್ದೆಲ್ಲ ಇದಕ್ಕೆ ವಿರುದ್ಧ. ಒಂದೆರಡು ಸಲ ಹೇಳಿ ನೋಡಿದೆ, ಅವಳು ನಕ್ಕಳು. ಮೂರನೆಯ ಸಲ ಹೇಳಲು ಹೋಗಲಿಲ್ಲ. ಕೆಳಗಿನ ಎಲೆಗಳು ಹಳದಿಯಾಗುತ್ತಿರುವುದು ನನಗೆ ಕಾಣುತ್ತಿತ್ತು. ಅವ್ವನ ಹೆಜ್ಜೆ ಗಟ್ಟಿಯಾಗುತ್ತಿರುವುದೂ ಕಾಣುತ್ತಿತ್ತು. ಗಿಡ ಹೋದರೆ ಇನ್ನೊಂದು ತರಬಹುದು ಎಂದುಕೊಂಡೆ. ಗಿಡ ಹೋದರೆ ಅವ್ವ ಏನಾಗುತ್ತಾಳೆ ಎಂಬ ಪ್ರಶ್ನೆ ಆಗ ಹೊಳೆಯಲಿಲ್ಲ.

ಬೇಸಿಗೆಯನ್ನು ಅದು ಹೇಗೋ ದಾಟಿತು. ಹಾಕಿದ ನೀರು ಆರಿಹೋಗುತ್ತಿತ್ತೇನೋ. ಮಧ್ಯೆ ಹುಡುಗಿ ಒಮ್ಮೆ ಬಂದು ಎಲೆ ಕುದಿಸಿ ಎಲ್ಲರ ತಲೆಗೂ ಸಿಂಪಡಿಸಿದಳು. ಮರುದಿನ ನನ್ನ ತರಗತಿಯ ಮೊದಲ ಬೆಂಚಿನವರು ಮೂಗು ಏರಿಸಿ ಆಚೀಚೆ ನೋಡಿದರು. ಪಕ್ಕದ ಮನೆಯಾಕೆಯೂ ಆಗಲೇ ನಮ್ಮ ಗಿಡದ ಪರಿಚಯ ಮಾಡಿಕೊಂಡದ್ದು. ಅವರ ತವರು ಬಂಕಾಪುರ. ಮನೆಯಲ್ಲೇ ಹೊಲಿಗೆ ಯಂತ್ರ ಇಟ್ಟುಕೊಂಡು ಬ್ಲೌಸು ಹೊಲಿಯುತ್ತಾರೆ. ಬಟ್ಟೆ ಒಣಹಾಕಲು ಬಂದಾಗ ಅವ್ವನೊಡನೆ ಗಿಡ್ಡ ಗೋಡೆಯ ಮೇಲಿಂದಲೇ ಹರಟೆ. ಟಿವಿಯಲ್ಲಿ ನೋಡಿ ರೋಸ್ಮರಿ ಎಲೆಗಳನ್ನು ಕಬಾಬಿಗೆ ಹಾಕಿದ್ದರಂತೆ. ಅವರ ಯಜಮಾನರು ಒಂದು ತುಂಡು ತಿಂದು, ಮಟನ್ನಿಗೆ ಮೈಕೈ ನೋವಾಗಿತ್ತೇನು, ಮುಲಾಮು ಹಚ್ಚಿದ್ದೀಯಲ್ಲ ಎಂದು ಕೇಳಿದರಂತೆ. ಇದನ್ನು ಹೇಳಿ ಅವರು ನಕ್ಕದ್ದು, ಅವ್ವ ಸೊಂಟ ಹಿಡಿದುಕೊಂಡು ನಕ್ಕದ್ದು ನನಗೆ ನೆನಪಿದೆ. ಇದು ನಿಜವಾದ ನೆನಪೇ. ಯಾಕೆಂದರೆ ನಗುವಾಗ ಅವ್ವ ಕುದುರೆಯನ್ನು ಬಿಟ್ಟಿದ್ದಳು, ನಾನು ಹಿಡಿಯಲು ಓಡಿದ್ದೆ.

ಮುಂಗಾರು ಹಿಡಿಯಿತು. ನಮ್ಮ ಕಡೆಯ ಮಳೆ ಒಮ್ಮೆ ಸುರಿದು ಹೋಗುವ ಜಾತಿಯದಲ್ಲ. ದಿನವಿಡೀ ಜಿಟಿಜಿಟಿ, ಒಗೆದ ಬಟ್ಟೆ ಒಣಗದೆ ವಾಸನೆ ಹೊಡೆಯುವಂಥದ್ದು. ಗಿಡ ತಗಡಿನ ಕೆಳಗೆ ಇತ್ತಾದ್ದರಿಂದ ಮಳೆ ಅದರ ಮೇಲೆ ಬೀಳುತ್ತಿರಲಿಲ್ಲ. ಊರಿಗೆಲ್ಲ ಮಳೆ ಬಂದರೂ ನಿನಗೆ ಬರಲಿಲ್ಲವಲ್ಲ ಎಂದು ಅವ್ವ ಅದಕ್ಕೆ ಸಮಾಧಾನ ಹೇಳುತ್ತಾ ತಂಬಿಗೆ ಒಯ್ಯುತ್ತಿದ್ದಳು. ಶ್ರಾವಣದ ಹೊತ್ತಿಗೆ ಕೊಂಬೆಗಳು ಕಂದು ಬಣ್ಣಕ್ಕೆ ತಿರುಗಿದವು. ಮುಟ್ಟಿದರೆ ಎಲೆಗಳು ಉದುರುತ್ತಿದ್ದವು. ಅವ್ವ ನೀರು ಹೆಚ್ಚಿಸಿದಳು.

ಒಂದು ಮುಂಜಾನೆ ಅವಳು ನನ್ನನ್ನು ಹಿತ್ತಲಿಗೆ ಕರೆದು, ಡಬ್ಬಿಯಿಂದ ಗಿಡ ಎತ್ತು ಎಂದಳು. ಜಗ್ಗಬೇಕಾಗಲೇ ಇಲ್ಲ, ಮೆಲ್ಲಗೆ ಹಿಡಿದದ್ದೇ ಕಿತ್ತು ಕೈಗೆ ಬಂತು. ಬೇರು ಕಪ್ಪಾಗಿ ಮೆತ್ತಗಾಗಿತ್ತು. ಅವ್ವ ಬಾಗಿ ಮೂಸಿದಳು. ಮೂಸಿದ ಕೂಡಲೇ ಅವಳ ಮುಖ ಬದಲಾಯಿತು. ಆ ವಾಸನೆಯನ್ನು ಅವಳಿಗೆ ಯಾರೂ ಹೇಳಿಕೊಡಬೇಕಿರಲಿಲ್ಲ. ಮಳೆಗಾಲದಲ್ಲಿ ಎಲೆಯ ಕಟ್ಟಿಗೆ ನೀರು ಹೆಚ್ಚಾದರೆ ನಡುವಿನ ಎಲೆಗಳು ಹೀಗೆಯೇ ಕರಗಿ ನಾರುತ್ತವೆ. ಆಗ ಇಡೀ ಬುಟ್ಟಿ ತಿಪ್ಪೆಗೆ.

"ಕೊಳತೈತಿ," ಎಂದಳು. ಬೇರನ್ನು ಬೆರಳಲ್ಲಿ ಹಿಸುಕಿ, "ನಾನ ಕೊಳಸೇನಿ."

ಹೋಗಲಿ ಬಿಡು, ಇನ್ನೊಂದು ತರೋಣ ಎಂದೆ. ಅವಳು ಕುದುರೆ ತಿರುಗಿಸಿಕೊಂಡು ಒಳಗೆ ಹೋದಳು. ಚೀಲದೊಳಗಿನ ತಂಬಿಗೆಯನ್ನು ತೆಗೆದು ಅಡುಗೆಮನೆಯ ಕಟ್ಟೆಯ ಮೇಲೆ ಬೋರಲು ಹಾಕಿದ ಸದ್ದು ಕೇಳಿಸಿತು. ಅಲ್ಲಿಂದ ಮುಂದೆ ಅವ್ವ ಹಿತ್ತಲಿಗೆ ಬರುವುದನ್ನು ಬಿಟ್ಟಳು.

ಜಗಳವಾಗಿದ್ದರೆ ವಾಸಿಯಿತ್ತು. ಅವಳು ಯಾರನ್ನೂ ಬೈಯಲಿಲ್ಲ, ಊಟ ಬಿಡಲಿಲ್ಲ. ಪಡಸಾಲೆಯ ಕುರ್ಚಿಯಲ್ಲಿ ಕೂತಳು, ಅಷ್ಟೇ. ನಡೆಯಬೇಕವ್ವ ಎಂದರೆ ಹೂಂ ಎನ್ನುವಳು, ಏಳುತ್ತಿರಲಿಲ್ಲ. ಬಚ್ಚಲಿಗೆ ಹೋಗಲು ಏಳುವಾಗ ಮೊದಲಿಗಿಂತ ಹೆಚ್ಚು ಹೊತ್ತು ಹಿಡಿಯತೊಡಗಿತು. ವ್ಯಾಯಾಮದವರು ಕಾಲು ಮಡಿಸಲು ಹೋದರೆ ಹಲ್ಲು ಕಚ್ಚುವಳು. ಅವರು ಮತ್ತೆ ನನ್ನನ್ನು ಬಾಗಿಲ ಹೊರಗೆ ಕರೆದರು. ಈ ಸಲ ಹೆಚ್ಚೇನೂ ಹೇಳಲಿಲ್ಲ, ಮೊದಲು ಹೇಳಿದ್ದು ನೆನಪಿದೆಯಲ್ಲ ಎಂದರು. ನೆನಪಿತ್ತು. ನಾನು ಅನುಮಾನಿಸದೆ ಇಟ್ಟುಕೊಂಡ ಕೆಲವೇ ನೆನಪುಗಳಲ್ಲಿ ಅದೂ ಒಂದು.

ಬೇರೆ ಗಿಡ ತಂದುಕೊಡುತ್ತೇನೆ, ತುಳಸಿ ತರಲೇ, ದಾಸವಾಳ ತರಲೇ ಎಂದು ಕೇಳಿದೆ. ಬೇಡ ಎಂದಳು. ತನ್ನ ಕೈಯಲ್ಲಿ ನೀರು ಹೆಚ್ಚು, ತನ್ನ ಕೈಗೆ ಗಿಡ ಕೊಡಬಾರದು ಎಂದು ಹೇಳಿದಳು. ಎಪ್ಪತ್ತು ದಾಟಿದ ಹೆಂಗಸು ತನ್ನ ಬಗ್ಗೆ ಇಂಥದೊಂದು ತೀರ್ಮಾನಕ್ಕೆ ಬಂದರೆ ಅದನ್ನು ಅಲ್ಲಗಳೆಯಲು ಮಗಳ ಬಳಿ ಏನಿದೆ? ಅದು ಪೂರ್ತಿ ಸುಳ್ಳೂ ಆಗಿರಲಿಲ್ಲವಲ್ಲ.

ಗಣಪತಿ ಹಬ್ಬ ಮುಗಿದ ಮೇಲೆ ಪಕ್ಕದ ಮನೆಯಾಕೆ ಒಂದು ದಿನ ಸೆರಗಿನ ಕೆಳಗೆ ಏನನ್ನೋ ಮುಚ್ಚಿಕೊಂಡು ಬಂದರು. ಹಳೆಯ ಬಣ್ಣದ ಡಬ್ಬಿ, ಅದರಲ್ಲಿ ಗೇಣುದ್ದದ ಒಂದೇ ಒಂದು ಕಡ್ಡಿ, ತುದಿಯವರೆಗೆ ಸೂಜಿ ಎಲೆಗಳು. ರೋಸ್ಮರಿ. ಬೇಸಿಗೆಯಲ್ಲಿ ಕಬಾಬಿಗೆ ಎಲೆ ಒಯ್ದಾಗಲೇ, ಯಾರಿಗೂ ಹೇಳದೆ ಒಂದು ಕಡ್ಡಿಯನ್ನು ಬೇರೆ ಮುರಿದುಕೊಂಡಿದ್ದರಂತೆ. ಬಾಯಿ ಬಿಟ್ಟು ಕೇಳಿ ಒಯ್ದ ಕಡ್ಡಿ ಹತ್ತುವುದಿಲ್ಲ ಎನ್ನುವುದು ನಮ್ಮ ಸೀಮೆಯ ಹೆಂಗಸರೆಲ್ಲರ ನಂಬಿಕೆ. ಮಲ್ಲಿಗೆ, ಕರಿಬೇವು, ಕ್ರೋಟನ್ ಎಲ್ಲ ಹೀಗೆಯೇ ಮನೆಯಿಂದ ಮನೆಗೆ ಸಾಗುತ್ತವೆ, ನೋಡಿದವರು ನೋಡದಂತೆ ಇರುತ್ತಾರೆ.

"ತಪ್ಪು ತಿಳಿಬ್ಯಾಡ್ರಿ ಅವ್ವಾರ, ಕದ್ದೇನಿ," ಎಂದರು ಅವರು, ಕದ್ದದ್ದರ ಹೆಮ್ಮೆಯಲ್ಲೇ. "ಮಾಳಿಗಿ ಮ್ಯಾಲೆ, ಮನಿ ಕಟ್ಟಿ ಉಳಿದ ಮರಳಿನಾಗ ಚುಚ್ಚಿ ಬಂದಿದ್ದೆ. ಆಮ್ಯಾಲೆ ಕಸಮ್, ಮರತ ಬಿಟ್ಟೆ. ಲಗ್ನದ ಬಟ್ಟಿ ಹೊಲಿಗಿ ಬಂದಿದ್ವು. ಮೊನ್ನೆ ಹೋಗಿ ನೋಡಿದ್ರ ಇದು ಹಿಂಗ ನಿಂತೈತಿ."

ಅವ್ವ ಡಬ್ಬಿಯನ್ನು ನೋಡಿದಳು. ಕೈ ಮಾತ್ರ ಮಡಿಲಲ್ಲೇ ಇತ್ತು.

"ನೀವು ಮರತದ್ದಕ್ಕ ಬದುಕೈತಿ," ಎಂದಳು. "ನನ್ನ ಕಡೆ ತರಬ್ಯಾಡ್ರಿ."

ಡಬ್ಬಿಯನ್ನು ನಾನೇ ತೆಗೆದುಕೊಂಡು, ಹುಡುಗಿಗೆ ಫೋನು ಮಾಡಿ ಹೇಳಿದೆ. ಅವಳು ಮುಂದಿನ ಸಲ ಬರುವಾಗ ತನ್ನ ಅಪ್ಪನಿಗೆ ಹೇಳಿ ಹಾನಗಲ್ಲಿನ ಹೊಲದ ದಿನ್ನೆಯ, ನೀರು ನಿಲ್ಲದ ಕೆಂಪು ಗರಸು ಮಣ್ಣನ್ನು ಚೀಲದಲ್ಲಿ ತುಂಬಿ ತಂದಳು. ಅವಳು ಹತ್ತಿದ ಬಸ್ಸಿನ ಕಂಡಕ್ಟರ್ ಇದೇನು ಮಣ್ಣು ಮಾರುವ ವ್ಯಾಪಾರವೇ ಎಂದು ಕೇಳಿದನಂತೆ. ಆ ಮಣ್ಣಿಗೆ ಮರಳು ಬೆರೆಸಿದೆವು. ಅಗಲ ಬಾಯಿಯ ಮಣ್ಣಿನ ಕುಂಡದ ತಳಕ್ಕೆ ಹೆಂಚಿನ ಚೂರು ಹಾಕಿ, ಕಡ್ಡಿಯನ್ನು ಬೇರು ಅಲುಗದಂತೆ ನೆಟ್ಟೆವು. ಹಿತ್ತಲಿನಲ್ಲಿ ದಿನವಿಡೀ ಬಿಸಿಲು ಬೀಳುವ ಜಾಗ ಒಂದೇ: ಕಡೆಯ ಮೂಲೆಯಲ್ಲಿ, ಬಟ್ಟೆ ಒಗೆಯುವ ಕಲ್ಲಿನ ಆಚೆ. ಅಲ್ಲಿಟ್ಟೆವು. ಅವ್ವನ ಕುರ್ಚಿಯಿಂದ ಹಿಂಬಾಗಿಲ ಮೂಲಕ ಅದು ಕಾಣುತ್ತಿತ್ತು, ಎಲೆಗಳು ಕಾಣುವಷ್ಟಲ್ಲ, ಒಂದು ಹಸಿರು ಗೆರೆ ಕಾಣುವಷ್ಟು.

ಕಡ್ಡಿ ಎತ್ತರವಾಯಿತು. ಬರೀ ಎತ್ತರ, ಕೊಂಬೆಯೊಡೆಯಲಿಲ್ಲ. ಗಾಳಿ ಬಂದರೆ ಬಾಗಿ ನೆಲ ಮುಟ್ಟುವಂತಾಯಿತು. ಒಂದು ರವಿವಾರ ಚಹಾಕ್ಕೆ ಹಾಕೋಣವೆಂದು ಕಡ್ಡಿಯ ನಡುವಿನ ಎಲೆಗಳನ್ನು ಎರಡು ಬೆರಳಲ್ಲಿ ಹಿಡಿದು ಸರ್ರನೆ ಎಳೆದು ತಂದೆ. ಅಡುಗೆಮನೆಗೆ ಹೋಗುವಾಗ ಅವ್ವ ಕೈ ಚಾಚಿ ಎಲೆಗಳನ್ನು ಅಂಗೈಯಲ್ಲಿ ಹಾಕಿಸಿಕೊಂಡಳು. ಒಂದೊಂದರ ಬುಡ ನೋಡಿದಳು.

"ಹರದೀಯಲ್ಲ ಯವ್ವಾ ಇದನ್ನ. ಸಿಪ್ಪಿ ಸಮೇತ ಬಂದೈತಿ ನೋಡು. ಗಿಡಕ್ಕ ಗಾಯ ಆಗಿರತೈತಿ."

ಎಲೆಯ ತೊಟ್ಟು ನೋಡಿ ಕೊಯ್ದದ್ದೋ ಹರಿದದ್ದೋ ಹೇಳುವುದು ಅವಳಿಗೆ ಉಸಿರಾಡಿದಷ್ಟು ಸಲೀಸು. ಹರಿದ ಎಲೆ ಬೇಗ ಕೊಳೆಯುತ್ತದೆಂದು ಅಂಥವನ್ನು ಬೇರೆ ತೆಗೆಯುತ್ತಿದ್ದಳು. ನಡುವಿನ ಎಲೆ ಕೀಳಬಾರದು, ಮೇಲಿನ ಕುಡಿ ಚಿವುಟಬೇಕು, ಚಿವುಟಿದರೆ ಪಕ್ಕದಲ್ಲಿ ಎರಡು ಒಡೆಯುತ್ತವೆ ಎಂದಳು. ನಾನೂ ಓದಿದ್ದೆ, ರೋಸ್ಮರಿ ಪೊದೆಯಾಗಬೇಕಾದರೆ ತುದಿ ಚಿವುಟಬೇಕೆಂದು. ಅಷ್ಟು ಕಷ್ಟಪಟ್ಟು ಬಂದ ಒಂದೇ ಒಂದು ತುದಿಯನ್ನು ಚಿವುಟಲು ಧೈರ್ಯ ಬಂದಿರಲಿಲ್ಲ.

ಆಗ ನಾನು ಮಾತಿಗೆ ಹೇಳಿದೆ: ನಿನಗೇನವ್ವ, ಜೀವಮಾನವೆಲ್ಲ ಎಲೆ ಕೊಯ್ದವಳು, ನಿನ್ನ ಹೆಬ್ಬೆರಳಿನ ಕಬ್ಬಿಣದ ಉಗುರು ನನಗೆ ಇನ್ನೂ ನೆನಪಿದೆ.

ನೆನಪಿತ್ತು. ಈಗಲೂ ಇದೆ. ತೋಟದಲ್ಲಿ ಎಲೆ ಕೊಯ್ಯುವವರು ಹೆಬ್ಬೆರಳಿಗೆ ಹರಿತವಾದ ಒಂದು ಕಬ್ಬಿಣದ ಉಗುರು ತೊಡುತ್ತಾರೆ, ತೊಟ್ಟು ಜಜ್ಜದಂತೆ ಕತ್ತರಿಸಲು. ಬಳ್ಳಿಯ ಹಸಿರು ಕತ್ತಲಲ್ಲಿ ಅವ್ವ ಕೈ ಎತ್ತಿ ನಿಂತಿದ್ದಾಳೆ, ಹೆಬ್ಬೆರಳ ಮೇಲೆ ಆ ಉಗುರು ಹೊಳೆಯುತ್ತಿದೆ, ನಾನು ಅವಳ ಸೀರೆಯ ನೆರಿಗೆ ಹಿಡಿದುಕೊಂಡಿದ್ದೇನೆ. ಬಾಲ್ಯ ಎಂದರೆ ನನಗೆ ಮೊದಲು ಕಾಣುವುದೇ ಇದು.

ಅವ್ವ ನನ್ನನ್ನು ವಿಚಿತ್ರವಾಗಿ ನೋಡಿದಳು.

"ನಾ ಎಂದ ಕೊಯ್ದೇನಿ? ನಮ್ಮ ಮನ್ಯಾಗ ಹೆಣ್ಮಕ್ಕಳು ತ್ವಾಟದಾಗ ಕಾಲಿಡ್ತಿದ್ದಿಲ್ಲ. ಬಳ್ಳಿ ಮುಟ್ಟಬಾರದು ಅಂತಿದ್ರು ನಿಮ್ಮಜ್ಜ. ಆ ಉಗುರು ನಿಮ್ಮಪ್ಪಂದು."

ನಾನು ವಾದಿಸಿದೆ. ಸೀರೆಯ ನೆರಿಗೆಯ ಬಣ್ಣ ಕೂಡ ಹೇಳಿದೆ. ಅವಳು ತಲೆಯಾಡಿಸಿದಳು. ತೋಟದ ಬೇಲಿಯ ಬಾಯಿಗೆ ಬುತ್ತಿ ಒಯ್ದು ಕೊಡುವುದಷ್ಟೇ, ಒಳಗೆ ಹೋಗುವಂತಿರಲಿಲ್ಲ. ಮದುವೆಯಾಗಿ ಬಂದಾಗಿನಿಂದ ಸಾವಿರಾರು ಬುಟ್ಟಿ ಎಲೆ ಕೈಯಲ್ಲಿ ಆಡಿಸಿದ್ದೇನೆ, ಬಳ್ಳಿಯಿಂದ ಒಂದನ್ನೂ ಕೊಯ್ದಿಲ್ಲ ಎಂದಳು. ಆಮೇಲೆ, ಯಾವುದೋ ತಮಾಷೆಯನ್ನು ಹೇಳುವಂತೆ, ಒಮ್ಮೆ ನಿಮ್ಮಪ್ಪ ಊಟಕ್ಕೆ ಕೂತಾಗ ಆ ಉಗುರನ್ನು ನನ್ನ ಹೆಬ್ಬೆರಳಿಗೆ ಹಾಕಿ ನೋಡಿದ್ದೆ, ದೊಡ್ಡದಾಗಿ ಜಾರಿ ಬಿತ್ತು ಎಂದಳು.

ನಾನು ಚಹಾ ಮಾಡುವುದನ್ನು ಮರೆತು ನಿಂತಿದ್ದೆ. ನಲವತ್ತು ವರ್ಷ ನಾನು ನೋಡುತ್ತ ಬಂದ ಚಿತ್ರ ಎಲ್ಲಿಂದ ಬಂತು? ಅಪ್ಪನ ಕೈಗೆ ಅವ್ವನ ಸೀರೆ ಉಡಿಸಿದವರು ಯಾರು? ಅಥವಾ, ಆ ಊಟದ ಹೊತ್ತಿನಲ್ಲಿ, ಅವಳು ಉಗುರು ಹಾಕಿ ನೋಡಿದ ಆ ಒಂದು ಗಳಿಗೆಯಲ್ಲಿ, ನಾನು ಬಾಗಿಲಲ್ಲಿ ನಿಂತು ನೋಡಿದ್ದೆನೋ. ಉಳಿದ ತೋಟವನ್ನೆಲ್ಲ ಆಮೇಲೆ ನಾನೇ ಸುತ್ತ ಬೆಳೆಸಿಕೊಂಡೆನೋ. ಕೇಳಿದರೆ ಅವ್ವನಿಗೆ ಗೊತ್ತಿಲ್ಲ. ನನಗೂ ಗೊತ್ತಿಲ್ಲ. ಗೊತ್ತಾದದ್ದು ಒಂದೇ: ಎಲೆ ಕೊಯ್ದು ಸಾಕಾದವಳು ಎಂದು ನಾನು ತಿಳಿದಿದ್ದ ಹೆಂಗಸಿಗೆ ಕೊಯ್ಯುವುದು ಸಿಕ್ಕಿಯೇ ಇರಲಿಲ್ಲ.

ಎಲೆಗಳನ್ನು ನನ್ನ ಕೈಗೆ ಸುರಿದು ಅವ್ವ, "ಕುಂಡ ಇಲ್ಲೆ ತಾ, ತೋರಸ್ತೇನಿ," ಎಂದಳು.

ನಾನು ತರಲು ಹೊರಟೇಬಿಟ್ಟಿದ್ದೆ. ಅವಳು ಗಿಡ ಕೇಳಿದಳಲ್ಲ, ಅದೇ ದೊಡ್ಡದು ಎನಿಸಿತ್ತು. ಹಿತ್ತಲಿನಲ್ಲಿ ಬಟ್ಟೆ ತೆಗೆಯುತ್ತಿದ್ದ ಪಕ್ಕದ ಮನೆಯಾಕೆ, ಕುಂಡದ ಮೇಲೆ ಬಾಗಿದ ನನ್ನನ್ನು ನೋಡಿ ಎಲ್ಲಿಗೆ ಎಂದು ಕೇಳಿದರು. ಹೇಳಿದೆ. ಅವರು ಗೋಡೆಯಾಚೆಯಿಂದಲೇ ದನಿ ಎತ್ತಿ, ಒಳಗೆ ಕೂತ ಅವ್ವನಿಗೇ ಹೇಳಿದರು:

"ಅವ್ವಾರ, ಅದು ಒಳಗ ಬರೂದಿಲ್ರಿ. ಅದಕ್ಕ ಬಿಸಲು ಬೇಕು. ನೀವ ಜರಾ ಹೊರಗ ಬರ್ರಿ."

ನಾನು ಕುಂಡವನ್ನು ಬಿಟ್ಟು ನೆಟ್ಟಗೆ ನಿಂತೆ. ಎತ್ತಿಕೊಂಡು ಹೋದರೆ ಗಿಡಕ್ಕೆ ಏನೂ ಆಗುತ್ತಿರಲಿಲ್ಲ, ಸ್ವಲ್ಪ ಹೊತ್ತಿನ ಮಾತು. ಅದು ಅವರಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು. ಅವ್ವನಿಗೆ ಗೊತ್ತಿರಲಿಲ್ಲವೇ? ಆಮೇಲೆ ಒಳಗೆ ಕುರ್ಚಿ ಕಿರುಗುಟ್ಟಿತು. ಟಕ್ ಎಂದಿತು. ಬಹಳ ಹೊತ್ತಿನ ಮೇಲೆ ಇನ್ನೊಮ್ಮೆ ಟಕ್. ಹಿಂಬಾಗಿಲ ಹೊಸ್ತಿಲಲ್ಲಿ ಕುದುರೆ ತಡೆಯಿತು. ಹಿಡಿಯಲು ಹೋದ ನನ್ನನ್ನು ಅವಳು ಗದ್ದ ಎತ್ತಿ ಹಿಂದೆ ಕಳಿಸಿದಳು. ಒಗೆಯುವ ಕಲ್ಲಿನ ತನಕ ಬಂದು ಅದರ ಮೇಲೆ ಕೂತು ಉಸಿರು ಬಿಟ್ಟಳು. ಹಣೆಯಲ್ಲಿ ಬೆವರಿತ್ತು.

ಕುಂಡವನ್ನು ಅವಳ ಮೊಣಕಾಲಿನ ಹತ್ತಿರ ಸರಿಸಿದೆ. ನೀರಿನ ನೆನಪಾಗಿ ಅವಳ ಬಲಗೈ ಒಂದು ಸಲ ಪಕ್ಕಕ್ಕೆ ಹೋಯಿತು, ಅಲ್ಲಿ ತಂಬಿಗೆ ಇರಲಿಲ್ಲ. ಕೈ ಹಿಂದಕ್ಕೆ ಬಂತು. ಕಡ್ಡಿಯ ತುದಿಯನ್ನು ತೋರುಬೆರಳ ಮೇಲೆ ಮಲಗಿಸಿಕೊಂಡು, ಹೆಬ್ಬೆರಳ ಉಗುರನ್ನು ಮೇಲೆ ಇಟ್ಟು ಒತ್ತಿದಳು. ಚಿವುಟಿದಾಗ ಸದ್ದಾಗಲಿಲ್ಲ. ತುದಿ ಮಡಿಲಲ್ಲಿ ಬಿತ್ತು, ವಾಸನೆ ಮೂವರಿಗೂ ಬಡಿಯಿತು. ಅವಳು ಆ ತುದಿಯ ಬುಡವನ್ನು ಕಣ್ಣ ಹತ್ತಿರ ಹಿಡಿದು ಪರೀಕ್ಷಿಸಿದಳು, ಬೇರೆ ಯಾರೋ ಕೊಯ್ದು ಕಳಿಸಿದ್ದೇನೋ ಎಂಬಂತೆ. ಪಾಸು ಮಾಡಿದಳೆಂದು ಕಾಣುತ್ತದೆ, ಸೊಂಟಕ್ಕೆ ಸಿಕ್ಕಿಸಿಕೊಂಡಳು.

ಇದೆಲ್ಲ ಒಂದೇ ದಿನ ನಡೆಯಿತು ಎಂದು ನಾನು ಬರೆದಿದ್ದೇನೆ. ಪಕ್ಕದ ಮನೆಯಾಕೆಗೆ ಓದಿ ಹೇಳಿದರೆ, ಅಲ್ಲ ಎನ್ನುತ್ತಾರೆ. ಅವ್ವಾರು ಆ ದಿನ ಹೊಸ್ತಿಲತನಕ ಬಂದು ಹಿಂದೆ ಹೋದರು, ಕಲ್ಲಿನತನಕ ಬಂದದ್ದು ಆಮೇಲೆ ಎನ್ನುತ್ತಾರೆ. ದಿನಚರಿ ತೆಗೆದು ನೋಡಿದೆ. ಆ ರವಿವಾರ ಕರೆಂಟು ಇರಲಿಲ್ಲವಂತೆ, ಪರೀಕ್ಷೆಯ ಪೇಪರು ತಿದ್ದಿದೆನಂತೆ. ಅವ್ವನನ್ನು ಕೇಳಿದರೆ ಇನ್ನೂ ಚಂದ; ತಾನು ಹಿತ್ತಲಿಗೆ ಹೋಗುವುದನ್ನು ಬಿಟ್ಟಿದ್ದೇ ಯಾವಾಗ ಎಂದು ನನ್ನನ್ನೇ ಕೇಳುತ್ತಾಳೆ.

ಈಗ ರೋಸ್ಮರಿ ಪೊದೆಯಾಗಿದೆ. ಚಿವುಟಿದ ಪ್ರತಿ ತುದಿಯ ಕೆಳಗೆ ಎರಡು ಒಡೆದು, ಅವುಗಳ ತುದಿಯನ್ನೂ ಅವ್ವ ಚಿವುಟಿ, ಕುಂಡದ ಬಾಯಿ ಕಾಣದಷ್ಟು ದಟ್ಟವಾಗಿದೆ. ಹೂವು ಮಾತ್ರ ಬಿಟ್ಟಿಲ್ಲ, ನಮ್ಮ ಸೆಕೆಗೆ ಬಿಡಲಾರದು. ಹುಡುಗಿ ಬಂದಾಗ ಎಲೆ ಬೇಕೆಂದರೆ ಅವ್ವನನ್ನೇ ಕೇಳಬೇಕು. ತಾನೇ ಕೊಯ್ದು ಕೊಡುತ್ತಾಳೆ, ತೊಟ್ಟಿಗೆ ತೊಟ್ಟು ಕೂಡಿಸಿ ದಾರ ಕಟ್ಟಿ. ಕುದುರೆ ಹೋಗಿ ಕೋಲು ಬಂದಿದೆ. ಕಾಲು ಸರಿಹೋದ ಮೇಲೆ ಸವಣೂರಿಗೆ ಹೋಗುವ ಮಾತಿತ್ತು, ಅಣ್ಣ ಫೋನಿನಲ್ಲಿ ಕೇಳುತ್ತಲೇ ಇರುತ್ತಾನೆ. ಅಲ್ಲಿ ಮಾಳಿಗೆಯ ಮೇಲೆ ಬಿಸಿಲು ಬೀಳುತ್ತದೋ ಇಲ್ಲವೋ ನೋಡಿ ಹೇಳು ಎಂದು ಅವ್ವ ಅವನಿಗೆ ಹೇಳಿದ್ದಾಳೆ. ಮಾಳಿಗೆಗೆ ಎಷ್ಟೊಂದು ಮೆಟ್ಟಿಲುಗಳಿವೆ ಎಂಬುದನ್ನು ಅವಳು ಮರೆತಿಲ್ಲ.

ತಂಬಿಗೆ ಅಡುಗೆಮನೆಯ ಕಟ್ಟೆಯ ಮೇಲಿದೆ, ಈಗ ಬೋರಲಲ್ಲ. ದಿನಾ ಮುಂಜಾನೆ ಅವಳು ಅದನ್ನು ತುಂಬಿ ಹಿಂಬಾಗಿಲಲ್ಲಿ ಇಟ್ಟು, ಬರಿಗೈಯಲ್ಲಿ ಕೋಲೂರಿಕೊಂಡು ಮೂಲೆಯವರೆಗೆ ಹೋಗುತ್ತಾಳೆ. ಬೆರಳನ್ನು ಮೊದಲ ಗೆಣ್ಣಿನವರೆಗೆ ಮಣ್ಣಿನಲ್ಲಿ ಇಳಿಸುತ್ತಾಳೆ. ತೆಗೆದು ನೋಡುತ್ತಾಳೆ. ಹೆಚ್ಚಿನ ದಿನಗಳಲ್ಲಿ ಬೆರಳಿಗೆ ತುಸು ಹಸಿ ಮಣ್ಣು ಅಂಟಿರುತ್ತದೆ.

"ಇವತ್ತ ಬ್ಯಾಡ," ಎನ್ನುತ್ತಾಳೆ, ನನಗಲ್ಲ, ಗಿಡಕ್ಕೆ. ಮತ್ತೆ ಅಷ್ಟು ದೂರ ನಡೆದು ಬಂದು, ತುಂಬಿಟ್ಟ ನೀರನ್ನು ಬಾಗಿಲ ಪಕ್ಕದ ಕರಿಬೇವಿಗೆ ಸುರಿದು, ಒಳಗೆ ಬರುತ್ತಾಳೆ.